ಕೈಕಟ್ಟಿ ಕೂತ ಅರ್ಧ ಗಂಟೆ

ಶಾಲೆಯ ಮಕ್ಕಳೆಲ್ಲ ಅವಳನ್ನು ನೆರಳಕ್ಕ ಎನ್ನುತ್ತಿದ್ದರು. ಎರಡನೇ ತರಗತಿಯ ಒಬ್ಬ ಹುಡುಗಿಯ ಹಿಂದೆ ಮುಂದೆ ನೆರಳಿನ ಹಾಗೆ ಸುಳಿಯುವುದೇ ಅವಳ ಉದ್ಯೋಗ. ಹಾಜರಿ ಪುಸ್ತಕದಲ್ಲಿ ‘ವಿಶೇಷ ಸಹಾಯಕಿ’ ಎಂದಿತ್ತು. ಆ ಹೆಸರಿನಿಂದ ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಅದಕ್ಕೂ ಮೊದಲು ಹತ್ತು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿದ್ದಳು. ಹೊಲಿದು ಬಂದ ಅಂಗಿಗಳಲ್ಲಿ ಉಳಿದ ದಾರ, ಬಿಟ್ಟ ಹೊಲಿಗೆ, ಸಡಿಲ ಗುಂಡಿ ಹುಡುಕುವ ಕೆಲಸ. ಕಾರ್ಖಾನೆ ಮುಚ್ಚಿದ ಮೇಲೆ, ರಜೆ ಹೋದ ಆಯಾಳ ಬದಲಿಗೆ ಎರಡು ವಾರಕ್ಕೆಂದು ಈ ಶಾಲೆಗೆ ಬಂದಳು. ಮೊದಲ ದಿನವೇ ಬಾಗಿಲ ಬಳಿ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದ ಪುಟ್ಟ ಹುಡುಗಿಯೊಬ್ಬಳನ್ನು ಕಂಡಳು. ಸುತ್ತ ನಿಂತವರು ಬುದ್ಧಿ ಹೇಳುತ್ತಿದ್ದರು. ಇವಳು ಬಗ್ಗಿ, ಅಂಗಿಯ ಕಾಲರಿನೊಳಗೆ ಕೈ ಹಾಕಿ, ಚುಚ್ಚುತ್ತಿದ್ದ ಲೇಬಲ್ಲನ್ನು ಹಲ್ಲಿನಿಂದ ಕಚ್ಚಿ ಕಿತ್ತಳು. ಹುಡುಗಿ ಎದ್ದು ಕೂತಳು. ಹೆಡ್ ಮೇಡಂ ಕಣ್ಣು ಬಾಯಿ ಬಿಟ್ಟು ನೋಡಿದರು. ಎರಡು ವಾರ ಎರಡು ವರ್ಷವಾಯಿತು.

ಆ ಹುಡುಗಿಗೆ ಅವಳ ಅಪ್ಪ ಮುದ್ದಿನಿಂದ ಇಟ್ಟ ಹೆಸರು ಪಿಟೀಲು. ಮಾತು ಕಡಿಮೆ, ದಿನವಿಡೀ ಗಂಟಲಲ್ಲಿ ಒಂದೇ ಎಳೆಯ ಸ್ವರ. ಸ್ವರ ತಗ್ಗಿನಲ್ಲಿದ್ದರೆ ಎಲ್ಲ ಕ್ಷೇಮ. ಮೇಲೇರಿದರೆ ಏನೋ ಕಾದಿದೆ ಎಂದರ್ಥ. ಸದ್ದೆಂದರೆ ಅವಳಿಗೆ ಮೈಮೇಲೆ ಕೆಂಡ ಸುರಿದ ಹಾಗೆ. ಹತ್ತೂವರೆಗೆ ಮೇಲಿನ ಮಹಡಿಯ ತರಗತಿ ಬದಲಾಗುತ್ತದೆ, ನಲವತ್ತು ಕುರ್ಚಿಗಳು ಒಮ್ಮೆಗೇ ನೆಲ ಕೆರೆಯುತ್ತವೆ. ಅದಕ್ಕೆ ಎರಡು ನಿಮಿಷ ಮುಂಚೆ ನೆರಳಕ್ಕ ತನ್ನ ಎರಡೂ ಅಂಗೈಗಳನ್ನು ಪಿಟೀಲಿನ ಕಿವಿಗಳ ಮೇಲಿಡುತ್ತಿದ್ದಳು. “ನೀನೇ ಮುಚ್ಕೋ ಕಂದಾ, ಹೀಗೆ” ಎಂದು ದಿನಾ ತೋರಿಸುತ್ತಿದ್ದಳು. ಹುಡುಗಿಯ ಕೈಗಳನ್ನೇ ಎತ್ತಿ ಕಿವಿಗಿಟ್ಟರೆ ಅವು ಒದ್ದೆ ಬಟ್ಟೆಯ ಹಾಗೆ ಜಾರಿ ಬೀಳುತ್ತಿದ್ದವು.

ತೊಂದರೆ ಬರುವ ಮೊದಲೇ ಅದರ ದಾರ ಕತ್ತರಿಸುವ ಈ ಜಾಣತನವೇ ಅವಳಿಗೆ ಮುಳುವಾಯಿತು. ವರ್ಷಕ್ಕೊಮ್ಮೆ ಇಲಾಖೆಯಿಂದ ಒಬ್ಬ ಅಧಿಕಾರಿ ಬರುತ್ತಾರೆ. ಅರ್ಧ ಗಂಟೆ ಕೂತು ಮಗುವನ್ನು ನೋಡುತ್ತಾರೆ, ಒಂದು ಹಾಳೆಯಲ್ಲಿ ಗುರುತು ಹಾಕುತ್ತಾರೆ: ಸಹಾಯವಿಲ್ಲದೆ ಮಾಡುತ್ತಾಳೆ, ಸಹಾಯದಿಂದ ಮಾಡುತ್ತಾಳೆ, ಮಾಡುವುದಿಲ್ಲ. ಟೀಚರುಗಳು ಅವರಿಗೆ ಟಿಕ್ ಸಾಹೇಬರು ಎಂದು ಹೆಸರಿಟ್ಟಿದ್ದರು. ಹೋದ ವರ್ಷ ಅವರು ಬಂದಾಗ ಪಿಟೀಲು ಬೊಂಬೆಯ ಹಾಗೆ ಕೂತಿದ್ದಳು. ಸಾಲಾಗಿ ‘ಸಹಾಯವಿಲ್ಲದೆ’ಗೆ ಟಿಕ್ ಬಿತ್ತು. ನೆರಳಕ್ಕನಿಗೆ ದಿನಕ್ಕೆ ಮಂಜೂರಾಗಿದ್ದ ಐದು ಗಂಟೆಯ ಕೆಲಸ ಮೂರಕ್ಕಿಳಿಯಿತು. ಅಂದಿನಿಂದ ಮಧ್ಯಾಹ್ನಗಳನ್ನು ಹುಡುಗಿ ಚಾಪೆ ಇಡುವ ಕೋಣೆಯಲ್ಲಿ, ಬಾಗಿಲ ಹಿಂದೆ ಮುದುಡಿ ಕಳೆಯುತ್ತಿದ್ದಳು.

ಈ ಸಲ ಉಳಿದ ಮೂರು ಗಂಟೆಯೂ ಹೋದರೆ ಹುಡುಗಿಯನ್ನು ಊರಾಚೆಯ ಬೇರೆ ಶಾಲೆಗೆ ಕಳಿಸಬೇಕಾಗುತ್ತದೆ ಎಂದು ಹೆಡ್ ಮೇಡಂ ಹೇಳಿಬಿಟ್ಟಿದ್ದರು. ಆಮೇಲೆ ದನಿ ತಗ್ಗಿಸಿ, “ನಾಳೆ ಅವರು ಬಂದಾಗ ನೀವು ಹಿಂದೆ ಕೂತಿರಿ. ಏನೂ ಮಾಡಬೇಡಿ. ಕಣ್ಣಾರೆ ಕಾಣಲಿ” ಎಂದಿದ್ದರು.

ಆ ಸಂಜೆ ಮನೆಯಲ್ಲಿ ಅವಳು ಒರೆಸಿದ ಒಲೆಯನ್ನೇ ಮತ್ತೆ ಒರೆಸಿದಳು, ಮಡಿಸಿದ ಬಟ್ಟೆಯನ್ನು ಬಿಚ್ಚಿ ಮಡಿಸಿದಳು. ಗಂಡ ಕ್ಷೌರದಂಗಡಿಯಿಂದ ಬಂದವನು ಸ್ವಲ್ಪ ಹೊತ್ತು ನೋಡಿದ.

“ಕಾಲಿಗೇನು ಚಕ್ರ ಕಟ್ಕೊಂಡಿದೀಯಾ? ಕೂತ್ಕೊಳ್ಳೇ.”

“ನಾಳೆ ಅರ್ಧ ಗಂಟೆ ಕೈಕಟ್ಟಿ ಕೂರ್ಬೇಕಂತೆ ಕಣ್ರೀ.”

“ನೀನಾ!” ಅವನು ನಕ್ಕುಬಿಟ್ಟ. “ನೀನು ನನ್ನ ಗಿರಾಕಿ ಆಗಿದ್ರೆ ಇಷ್ಟು ಹೊತ್ತಿಗೆ ಒಂದು ಕಿವಿ ಕಡಿಮೆ ಇರ್ತಿತ್ತು.”

ಅವಳು ನಗಲಿಲ್ಲ. ಅವನೂ ನಗು ನಿಲ್ಲಿಸಿ, “ಮಗು ಅತ್ರೆ?” ಎಂದ.

“ಅಳ್ಲೇಬೇಕಂತೆ.”

ಬೆಳಗ್ಗೆ ಗೇಟಿನಲ್ಲಿ ಪಿಟೀಲಿನ ಅಮ್ಮ ಕಾದಿದ್ದಳು. “ಅಕ್ಕಾ, ನಿಮಗೆ ಕೈ ಮುಗೀತೀನಿ, ಇವತ್ತೊಂದಿನ ಕಲ್ಲಾಗಿಬಿಡಿ” ಎಂದಳು. ಹೆತ್ತವಳ ಬಾಯಿಂದ ಈ ಮಾತು ಬರಿಸಿದ ಹಾಳೆ ಎಂಥದ್ದಿರಬೇಕು ಎಂದುಕೊಳ್ಳುತ್ತ ನೆರಳಕ್ಕ ತಲೆಯಾಡಿಸಿದಳು.

ಟಿಕ್ ಸಾಹೇಬರು ಹತ್ತೂ ಹತ್ತಕ್ಕೆ ಬಂದು ಕಿಟಕಿಯ ಪಕ್ಕ ಕೂತರು. ನೆರಳಕ್ಕ ಕೊನೆಯ ಬೆಂಚಿನಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಳು. ಟೀಚರು ಕಳೆಯುವ ಲೆಕ್ಕ ಬರೆದರು. ಟ್ಯೂಬ್‌ಲೈಟು ಮಿಣುಕತೊಡಗಿತು. ಬೇರೆ ದಿನವಾದರೆ ಎದ್ದು ಸ್ವಿಚ್ಚು ಆರಿಸುತ್ತಿದ್ದಳು. ಪಿಟೀಲಿನ ಪೆನ್ಸಿಲಿನ ಮೊನೆ ಮುರಿಯಿತು. ಇವಳ ಜೇಬಿನಲ್ಲಿ ಚೂಪಾದವು ಎರಡಿದ್ದವು, ಅಲ್ಲೇ ಉಳಿದವು. ಹುಡುಗಿಯ ಸ್ವರ ಒಂದು ಮೆಟ್ಟಿಲು ಏರಿತು. ಗಡಿಯಾರ ನೋಡಿದರೆ ಹತ್ತೂ ಇಪ್ಪತ್ತೆಂಟು. ನೆರಳಕ್ಕನ ಕಾಲು ತಾನಾಗಿ ಕುಣಿಯುತ್ತಿತ್ತು, ಮುಂದಿನ ಬೆಂಚಿನ ಪೋರಿ ತಿರುಗಿ, “ಅಕ್ಕಾ, ಬೆಂಚು ನಡುಗ್ತಿದೆ” ಎಂದಳು.

ಹತ್ತೂ ಇಪ್ಪತ್ತೊಂಬತ್ತಕ್ಕೆ ಪಿಟೀಲು ಎದ್ದು ಬಂದಳು. ನೇರ ಬಂದು, ನೆರಳಕ್ಕನ ತೊಡೆಯ ಕೆಳಗಿನಿಂದ ಕೈಗಳನ್ನು ಎಳೆಯತೊಡಗಿದಳು. ಬಚ್ಚಿಟ್ಟ ತನ್ನ ಸಾಮಾನು ತೆಗೆದುಕೊಳ್ಳುವವಳಂತೆ, ನಿಶ್ಚಿಂತೆಯಿಂದ ಎಳೆದಳು. ಕೈ ಬರಲಿಲ್ಲ. ಮುಖ ನೋಡಿದಳು, ಮತ್ತೆ ಎಳೆದಳು. ನೆರಳಕ್ಕ ಮೈಯ ಭಾರವನ್ನೆಲ್ಲ ಕೈಗಳ ಮೇಲೆ ಹಾಕಿ ಗೋಡೆಯನ್ನು ನೋಡುತ್ತ ಕೂತಳು.

ಮೇಲೆ ಕುರ್ಚಿಗಳು ಕೆರೆದವು.

ಹುಡುಗಿ ಕೂಗಿದ ಕೂಗಿಗೆ ಇಡೀ ತರಗತಿ ಎದ್ದು ನಿಂತಿತು. ಅವಳು ಬೆಂಚಿನ ಕೆಳಗೆ ನುಗ್ಗಿ ಗೋಡೆಗೆ ತಲೆ ಬಡಿಯತೊಡಗಿದಳು. ಒಂದು. ಎರಡು. ಮೂರನೆಯದಕ್ಕೆ ನೆರಳಕ್ಕ ನೆಲದ ಮೇಲಿದ್ದಳು. ಗೋಡೆಗೂ ತಲೆಗೂ ನಡುವೆ ಒಂದು ಕೈ, ಕಿವಿಯ ಮೇಲೆ ಇನ್ನೊಂದು. “ನೋಡಿದ್ರಾ ಸಾರ್?” ಎಂದಳು. ತನ್ನ ದನಿ ಅಷ್ಟು ಗಡಸಾಗಿರುವುದು ಅವಳಿಗೇ ಗೊತ್ತಿರಲಿಲ್ಲ. “ಸಾಕಾಯ್ತಾ?”

ಕೂಗು ಬಿಕ್ಕಾಗಿ, ಬಿಕ್ಕು ಉಸಿರಾಗುವವರೆಗೆ ಸಾಹೇಬರು ಪೆನ್ನು ಎತ್ತಲಿಲ್ಲ. ಆಮೇಲೆ ಬಗ್ಗಿ ಕೇಳಿದರು: “ಹೋದ ವರ್ಷ ನಾನು ಬಂದಾಗ ನೀವು ರಜೆಯಲ್ಲಿದ್ರಾ?”

“ಇಲ್ಲೇ ಇದ್ದೆ. ಅವಳ ಪಕ್ಕದಲ್ಲೇ.”

“ನನಗೆ ನಿಮ್ಮನ್ನ ನೋಡಿದ ನೆನಪೇ ಇಲ್ಲವಲ್ಲಮ್ಮಾ” ಎಂದು ಅವರು ಹಾಳೆ ತಿರುಗಿಸಿ ಮೊದಲಿನಿಂದ ಗುರುತು ಹಾಕತೊಡಗಿದರು. ಈ ಸಲ ಟಿಕ್ಕುಗಳೆಲ್ಲ ನಡುವಿನ ‘ಸಹಾಯದಿಂದ’ ಸಾಲಿಗೆ ಬಿದ್ದವು. ಕಳೆದುಹೋದ ಎರಡು ಗಂಟೆಯೂ ವಾಪಸು ಬಂತು.

ಹೆಡ್ ಮೇಡಂ ಬೆನ್ನು ತಟ್ಟಿದರು. ನೆರಳಕ್ಕ ಪಿಟೀಲಿನ ಹಣೆಗೆ ಒದ್ದೆ ಬಟ್ಟೆ ಒತ್ತುತ್ತಿದ್ದಳು. ಕೆಂಪಗಾಗಿತ್ತು, ಒಡೆದಿರಲಿಲ್ಲ. ಊಟದ ಗಂಟೆ ಬಾರಿಸುವ ಹೊತ್ತಿಗೆ ಅವಳು ಅಭ್ಯಾಸದಂತೆ ಕೈ ಚಾಚಿದಳು. ಹುಡುಗಿ ಹಿಂದೆ ಸರಿದು, ತನ್ನ ಎರಡೂ ಅಂಗೈಗಳನ್ನು ತಾನೇ ಕಿವಿಗೆ ಗಟ್ಟಿಯಾಗಿ ಒತ್ತಿಕೊಂಡಳು. ಎರಡು ವರ್ಷ ಕಲಿಸಿ ಬಾರದ್ದು ಒಂದು ಬೆಳಗಿನಲ್ಲಿ ಬಂದಿತ್ತು. ಇದು ಕಲಿಕೆಯೋ, ಇವಳ ಕೈಯನ್ನು ಇನ್ನು ನಂಬಬಾರದೆಂಬ ತೀರ್ಮಾನವೋ? ಯಾರನ್ನು ಕೇಳುವುದು?

ಸಂಜೆ ಗೇಟಿನಲ್ಲಿ ಪಿಟೀಲಿನ ಅಮ್ಮನಿಗೆ ಹೇಳಿದಳು. “ಇವತ್ತು ತಾನೇ ಕಿವಿ ಮುಚ್ಕೊಂಡ್ಳು.”

“ಹೌದಾ ಅಕ್ಕಾ!” ಅಮ್ಮ ಮಗಳನ್ನು ಎತ್ತಿಕೊಂಡು ಮುದ್ದಿಟ್ಟಳು. ಮರುಗಳಿಗೆಗೇ ಸುತ್ತ ನೋಡಿ ಪಿಸುಗುಟ್ಟಿದಳು: “ಸಾಹೇಬರಿಗೆ ಗೊತ್ತಾಗ್ಲಿಲ್ಲ ತಾನೇ?”

ಮಾರನೆಯ ದಿನ ಹತ್ತೂ ಇಪ್ಪತ್ತೆಂಟಕ್ಕೆ ನೆರಳಕ್ಕ ಪಿಟೀಲಿನ ಪಕ್ಕ, ಒಂದು ಗೇಣು ದೂರ ಬಿಟ್ಟು ಕೂತಳು. ಕೈಗಳನ್ನು ಅಂಗೈ ಮೇಲಾಗಿ ಬೆಂಚಿನ ಮೇಲೆ ಚಾಚಿಟ್ಟಳು. “ಬೇಕಾ?” ಎಂದು ಕೇಳಿದಳು; ಇದುವರೆಗೆ ಅವಳು ಅದನ್ನು ಕೇಳಿಯೇ ಇರಲಿಲ್ಲ. ಒಂದು ನಿಮಿಷ ಹೋಯಿತು. ಹುಡುಗಿ ಗೋಡೆಯ ಕಡೆಯ ಕಿವಿಯನ್ನು ತಾನೇ ಮುಚ್ಚಿಕೊಂಡಳು. ಆಮೇಲೆ ತಿರುಗಿ ನೋಡದೆ, ಇವಳ ಬಲಗೈಯ ಬೆರಳೊಂದನ್ನು ಹಿಡಿದು ಎಳೆದು ಆ ಅಂಗೈಯನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡಳು.

ಕುರ್ಚಿಗಳು ಕೆರೆದವು. ನೆರಳಕ್ಕನ ಎಡಗೈ ಕೆಲಸವಿಲ್ಲದೆ ಉಳಿಯಿತು. ಅದನ್ನು ಏನು ಮಾಡಬೇಕೆಂದು ತಿಳಿಯದೆ, ಬೆಂಚಿನ ಮೇಲಿದ್ದ ರಬ್ಬರಿನ ಪುಡಿಯನ್ನು ಸದ್ದಾಗದ ಹಾಗೆ ಒಂದು ಮೂಲೆಗೆ ಗುಡಿಸತೊಡಗಿದಳು.