ಪೈಪಿನ ಮೇಲೆ ಎರಡು ಏಟು

ಟಣ್, ಟಣ್. ಅಕ್ಕಿಆಲೂರಿನ ನಮ್ಮ ಮನೆಯ ಬಚ್ಚಲ ಹಿಂದಿನ ಇಕ್ಕಟ್ಟು ಸಂದಿಯಲ್ಲಿ ತಾಮ್ರದ ಪೈಪನ್ನು ಎರಡು ಸಲ ಬಡಿದ ಸದ್ದು ಮಾಳಿಗೆಯವರೆಗೆ ಕೇಳಿಸಿತು. ಸೋಲಾರ್ ಟ್ಯಾಂಕಿನ ಪಕ್ಕ ನಿಂತಿದ್ದ ನಾನು ತಕ್ಷಣ ವಾಲ್ವ್ ತಿರುಗಿಸಿ ನೀರು ಬಂದ್ ಮಾಡಿದೆ.

ಕೂಡಲೇ ಫೋನ್ ಬಂತು. ಸೋರುವ ಪೈಪಿಗೆ ಬೆಸುಗೆ ಹಾಕಲು ಹಾನಗಲ್ಲಿನಿಂದ ಬಂದು, ಮೈ ಓರೆ ಮಾಡಿಕೊಂಡು ಆ ಸಂದಿಯೊಳಗೆ ಸೇರಿದ್ದ ಪ್ಲಂಬರ್ ಕೇಳಿದರು: “ಅಕ್ಕಾರ, ನಾ ಫೋನ್ ಮಾಡಿದ ಮ್ಯಾಲ ಬಂದ್ ಮಾಡ್ರಿ ಅಂದಿದ್ನೆಲ್ರಿ. ಈಗ ಯಾಕ ಮಾಡಿದ್ರಿ? ಪೈಪ್ ಎಲ್ಲಿ ತೆಳ್ಳಗಾಗೇತಿ ಅಂತ ಬಡದು ನೋಡಾಕತ್ತಿದ್ನಿ.”

ಈ ಪೈಪ್ ಕೂಡಿಸಿದವರು ನಮ್ಮಪ್ಪ. ಆ ಸಂದಿಯಿಂದ ಕೂಗಿದರೆ ಮಾಳಿಗೆಗೆ ಕೇಳಿಸುವುದಿಲ್ಲ. ಅದಕ್ಕೇ ರಿಪೇರಿಗೆ ಇಳಿದಾಗಲೆಲ್ಲ ಅವರು ಸ್ಪ್ಯಾನರಿನಿಂದ ಪೈಪನ್ನೇ ಬಡಿಯುತ್ತಿದ್ದರು. ಎರಡು ಏಟು ಅಂದರೆ ನೀರು ನಿಲ್ಲಿಸು, ಒಂದು ಅಂದರೆ ಬಿಡು. ಮೂರು ಅಂದರೆ ಕೆಲಸ ಮುಗಿಯಿತು, ಚಹಾ ಇಡು. ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ನನ್ನ ಕೈಗೆ ಮಾತ್ರ ಅದಿನ್ನೂ ತಿಳಿದಂತಿಲ್ಲ.

ಇದನ್ನೇ ಪ್ಲಂಬರಿಗೆ ಹೇಳಿದೆ. “ಆತು ಬಿಡ್ರಿ, ಅವರಂಗ ಮಾಡೂಣು” ಎಂದು ಫೋನ್ ಇಟ್ಟರು. ಬೆಸುಗೆ ಹಾಕಿ ಒಂದು ಏಟು ಹೊಡೆದರು. ನೀರು ಬಿಟ್ಟೆ. ಸೋರಲಿಲ್ಲವೆಂದು ಕಾಣುತ್ತದೆ, ಆಮೇಲೆ ನಿಧಾನವಾಗಿ ಮೂರು ಏಟು ಕೇಳಿಸಿದವು.

ಕೆಳಗೆ ಬಂದು ಚಹಾ ಇಟ್ಟೆ. ಒಂದು ಗುಟುಕು ಕುಡಿದ ಪ್ಲಂಬರ್, “ಸಕ್ಕರಿ ಭಾಳ ಆತ್ರಿ” ಎಂದರು. ಅಪ್ಪನಿಗೆ ಅಷ್ಟೇ ಬೇಕಾಗುತ್ತಿತ್ತು.