ಧೂಳಿನ ಸಿಂಬೆ

ನನ್ನ ನಾದಿನಿ ಪುಣೆಯಲ್ಲಿ ಖಗೋಳದ ಸಂಶೋಧನೆ ಮಾಡುತ್ತಿದ್ದ ಕಾಲ. ದೂರದ ಗೆಲಾಕ್ಸಿಗಳ ನಟ್ಟನಡುವೆ ಕಪ್ಪುಕುಳಿ, ಅದರ ಸುತ್ತ ಕಾದು ಹೊಳೆಯುವ ಅನಿಲ, ಧೂಳು. ಅಲ್ಲಿಂದ ಬರುವ ಬೆಳಕಿಗೆ ಕಂಪ್ಯೂಟರಿನಲ್ಲಿ ಮಾದರಿ ಕಟ್ಟುವುದು ಅವಳ ಕೆಲಸ. ಮನೆಯಲ್ಲಿ ಮಾತ್ರ ಚುಟುಕಾಗಿ ‘ಮಾಡೆಲಿಂಗ್’ ಎನ್ನುತ್ತಿದ್ದಳು. ಅತ್ತೆ ಆ ಪದವನ್ನು ಆನೆಗುಡ್ಡೆ ದೇವಸ್ಥಾನದ ಊಟದ ಪಂಕ್ತಿಯಲ್ಲಿ ಹಾಗೆಯೇ ಬಡಿಸಿಬಿಟ್ಟರು.

ಪಕ್ಕದ ಎಲೆಯಲ್ಲಿದ್ದವರು ಬೈಂದೂರಿನ ಹುಡುಗನ ದೊಡ್ಡಮ್ಮ. ಇನ್ನೇನು ನಿಶ್ಚಯವಾಗಬೇಕಿದ್ದ ಸಂಬಂಧ; ನಾದಿನಿಗೂ ಹುಡುಗ ಹಿಡಿಸಿದ್ದ. ವಾರದೊಳಗೆ ದೊಡ್ಡಮ್ಮ ಕುಂದಾಪುರದ ನಮ್ಮ ಜಗಲಿಯಲ್ಲಿ ಹಾಜರು. ಕಾಫಿ ತೆಗೆದುಕೊಂಡರು, ಕುಡಿಯಲಿಲ್ಲ.

“ಹೆಣ್ಣ್ ಮಾಡ್ಲಿಂಗ್ ಮಾಡುದಂಬ್ರ್, ಹೌದಾ?”

“ಹೌದ್, ಮೂರ್ ಹೊತ್ತೂ ಅದೇ,” ಅತ್ತೆಯ ಹೆಮ್ಮೆ.

ರಜೆಗೆ ಬಂದಿದ್ದ ನಾದಿನಿ ಹೊರಗೆ ಬಂದಳು. “ಧೂಳಿನ ಮಾಡೆಲಿಂಗ್, ದೊಡ್ಡಮ್ಮ.”

“ಧೂಳಿಗೆ ಎಂತ, ಸೀರಿ ಉಡ್ಸುದಾ?”

ಕಾನ್ವೆಂಟಿನ ಸಿಸ್ಟರ್ ಕಲಿಸಿದಂತೆ ನಾನು ನಗುವನ್ನು ಕೆಮ್ಮಿನಲ್ಲಿ ಮುಚ್ಚಿದೆ. ನಾದಿನಿ ‘ವಿಕಿರಣ’ ಎಂದಳು, ‘ಅವಗೆಂಪು’ ಎಂದಳು. ಒಂದೊಂದು ಪದಕ್ಕೂ ದೊಡ್ಡಮ್ಮನ ಹುಬ್ಬು ಮೇಲೇರಿತು. ಕಾಫಿಯ ಮೇಲೆ ಕೆನೆ ಕಟ್ಟಿತು.

ಬೆಳಿಗ್ಗೆ ಬಂಗುಡೆ ಮೀನು ತಂದ ಮರವಂತೆಯ ಹೆಂಗಸು ಬುಟ್ಟಿಯಡಿ ತಲೆಗಿಡುವ ಬಟ್ಟೆಯ ಸಿಂಬೆಯನ್ನು ಮೆಟ್ಟಿಲ ಮೇಲೆ ಮರೆತಿದ್ದಳು. ನಾದಿನಿಯ ಕಣ್ಣು ಅದರ ಮೇಲೆ ಬಿತ್ತು. ಅದನ್ನು ಜಗಲಿಯಲ್ಲಿಟ್ಟು, ನಡುವಿನ ತೂತಿನಲ್ಲಿ ಗಿಡ್ಡ ಮೇಣದಬತ್ತಿಯ ತುಂಡೊಂದನ್ನು ಹಚ್ಚಿದಳು.

“ಇದ್ ಧೂಳ್ ಅಂದೇಳಿ ಎಣ್ಸಿ. ಮೇಲಿಂದ ಕಂಡ್ರೆ ದೀಪ ಕಾಂತ್. ಬದಿಂದ?”

ದೊಡ್ಡಮ್ಮ ಸೊಂಟ ಹಿಡಿದುಕೊಂಡು ಬಗ್ಗಿದರು. “ಕಾಂತಿಲ್ಲೆ.”

“ಸಿಂಬಿ ಮುಟ್ಟಿ.”

“ಬೆಚ್ಚಗಿತ್ತಲೆ!”

“ಆ ಬಿಸಿ ಹಿಡ್ಕಂಡ್, ಒಳಗೆ ಎಂಥಾ ದೀಪ ಇತ್ತ್ ಅಂದೇಳಿ ಲೆಕ್ಕ ಹಾಕುದೇ ನನ್ ಮಾಡೆಲಿಂಗ್.”

“ಫೋಟೋ ಗೀಟೋ?”

“ನಂದ್ ಅಲ್ಲ. ಗೆಲಾಕ್ಸಿದ್.”

ದೊಡ್ಡಮ್ಮ ಬೆರಳು ಮೂಸಿ ಮುಖ ಕಿವುಚಿದರು. “ನಿನ್ ಗೆಲಾಕ್ಸಿ ಬಂಗ್ಡಿ ವಾಸ್ನಿ ಬತ್ತ್, ಹೆಣೆ. ಇರ್ಲಿ, ಓದ್ ಮುಗ್ಸಿಯೇ ಬಾ.” ಆಮೇಲೆ ತಣ್ಣಗಾದ ಕಾಫಿಯನ್ನು ಕೆನೆ ಸಮೇತ ಕುಡಿದರು.

ಮೇಣದ ಹೊಗೆಗೆ ಸಿಂಬೆಯ ಒಳಅಂಚು ಕಪ್ಪಾಗಿತ್ತು. ಮರುದಿನ ಮೀನಿನವಳಿಗೆ ಹೊಸ ಸಿಂಬೆಗೆಂದು ನನ್ನ ಹಳೆಯ ಸೀರೆಯೊಂದನ್ನು ಕೊಡಬೇಕಾಯಿತು. ಬೈಂದೂರಿನಲ್ಲಿ ಈಗಲೂ ಯಾರಾದರೂ ಸೊಸೆಯ ಓದು ಕೇಳಿದರೆ ದೊಡ್ಡಮ್ಮನಿಗೆ ಅನುಮಾನವೇ ಇಲ್ಲ: “ಅದಾ? ಸಿಂಬಿ ಮೇಲೆ ಡಾಕ್ಟ್ರು.”