ಮೊದಲೂ ಕೊನೆಯೂ ಇಲ್ಲದ ನಕ್ಷೆ

ಎಪ್ಪತ್ತರ ದಶಕದಲ್ಲಿ ನಾನು ಸಿಂದಗಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತ ಪಂಡಿತನಾಗಿದ್ದೆ. ಗಣಿತದ ಗುರುಗಳು ಬಸವನ ಬಾಗೇವಾಡಿಗೆ ವರ್ಗವಾಗಿ ಹೋದಾಗ ಮುಖ್ಯಗುರುಗಳು ಸಂಖ್ಯಾಶಾಸ್ತ್ರದ ಪಾಠವನ್ನು ನನಗೆ ಒಪ್ಪಿಸಿದರು. ಮಠದ ಪಾಠಶಾಲೆಯಲ್ಲಿ ವ್ಯಾಕರಣ ಕಲಿತವನಿಗೆ ಅದು ಪರದೇಶವೇ ಸರಿ. ಆದರೂ ಪೂಜೆ ಮುಗಿಸಿ, ಗುರುವನ್ನು ನೆನೆದು ಪುಸ್ತಕ ತೆರೆಯುತ್ತಿದ್ದೆ. ಮೆಲ್ಲಗೆ ಅದರ ರುಚಿ ಹತ್ತಿತು.

ಪಾಲಕರ ಸಭೆಗೆಂದು ಒಂದು ಸ್ತಂಭಾಲೇಖ ಬರೆದೆ. ಸುತ್ತಲಿನ ಐದು ಊರುಗಳಲ್ಲಿ ಯಾವ ಊರಿನಿಂದ ಎಷ್ಟು ಮಕ್ಕಳು ಬರುತ್ತಾರೆಂದು ತೋರಿಸುವ ಐದು ಕಂಬಗಳು. ಎತ್ತರದ ಕಂಬ ಮೊದಲು, ಗಿಡ್ಡದ್ದು ಕೊನೆಗೆ. ಅರಿಸಿನ, ಕೆಮ್ಮಣ್ಣು, ಬಟ್ಟೆಗೆ ಹಾಕುವ ನೀಲಿ ನನ್ನ ಬಣ್ಣಗಳು. ಪುಸ್ತಕ ವಿಧಿಸಿದಂತೆ ಕಂಬಗಳ ನಡುವೆ ಸಮನಾದ ತೆರಪನ್ನೂ ಬಿಟ್ಟಿದ್ದೆ.

ಹಳ್ಳದಾಚೆಯ ಊರಿನ ಗೌಡರು ತಮ್ಮೂರಿನ ಹೆಸರನ್ನು ಕಟ್ಟಕಡೆಯಲ್ಲಿ ಕಂಡರು. ನಮ್ಮ ಸೀಮೆಯಲ್ಲಿ ಸಾಲಿನ ಸ್ಥಾನವೆಂದರೆ ಮರ್ಯಾದೆ. ಊಟದ ಎಲೆಯಾಗಲಿ, ವೀಳ್ಯವಾಗಲಿ, ಮೊದಲು ಯಾರಿಗೆ ಸಂದಿತೆಂಬುದನ್ನು ಯಾರೂ ಮರೆಯರು.

“ನಮ್ಮೂರನ್ನ ಕಡೀಗ್ಯಾಕ ಕುಂದರ್ಸೀರಿ, ಮಾಸ್ತರ?”

“ಇದು ಊಟದ ಪಂಕ್ತಿ ಅಲ್ರಿ, ಗೌಡ್ರ. ಯಾವ ಊರ ಮೊದಲ ಬರದ್ರೂ ಲೆಕ್ಕ ಕೆಡೂದಿಲ್ಲ.”

“ಕೆಡೂದಿಲ್ಲಂದ್ರ ನಮ್ಮೂರ ಮೊದಲ ಬರೀರಿ.”

ಸಭೆ ನಕ್ಕಿತು. ಶಾಸ್ತ್ರಪ್ರಕಾರ ಅವರ ಮಾತಿನಲ್ಲಿ ದೋಷವಿರಲಿಲ್ಲ. ಆದರೆ ಮೊದಲ ಕಂಬದ ಊರಿನ ದೇಸಾಯರು ಸುಮ್ಮನಿರಲಿಲ್ಲ. “ಅಂದ್ರ ನಾವು ಹಿಂದ ಸರೀಬೇಕೇನು?”

ಗೌಡರು ರುಮಾಲು ಸರಿಪಡಿಸಿಕೊಂಡು ಎದ್ದೇಬಿಟ್ಟರು. “ನಾಳಿಂದ ನಮ್ಮ ಹುಡುಗೂರು ಬರೂದಿಲ್ಲ, ಬಿಡ್ರಿ.”

ಅವರ ಮಾತು ಮೀರಿ ಆ ಊರಿನಲ್ಲಿ ಯಾರೂ ಮಕ್ಕಳನ್ನು ಕಳಿಸುವವರಲ್ಲ. ಮುಖ್ಯಗುರುಗಳು ಅವರ ಕೈಹಿಡಿದು ಚಹಕ್ಕೆ ಕುಳ್ಳಿರಿಸಿದರು. ಅಷ್ಟರಲ್ಲಿ ನಾನು ಕರಿಹಲಗೆಯ ಮೇಲೆ ದಾರ ಹಿಡಿದು ದೊಡ್ಡದೊಂದು ವೃತ್ತ ಎಳೆದೆ. ಕೋನಮಾಪಕವಿಟ್ಟು ಮಕ್ಕಳ ಸಂಖ್ಯೆಗೆ ತಕ್ಕಂತೆ ಅದನ್ನು ಐದು ಪಾಲು ಮಾಡಿ, ಒಂದೊಂದರಲ್ಲಿ ಒಂದೊಂದು ಊರಿನ ಹೆಸರು ಬರೆದೆ.

ಗೌಡರು ಬಟ್ಟಲು ಹಿಡಿದೇ ದಿಟ್ಟಿಸಿದರು. “ಇದರಾಗ ಮೊದಲ ಯಾವುದು?”

“ಬಂಡಿ ಗಾಲಿಗೆ ಮೊದಲ ಎಲ್ಲೈತ್ರಿ?”

ಸ್ಥಾನದ ಚಿಂತೆ ಕಳೆದ ಮೇಲೆಯೇ ಅವರ ಕಣ್ಣು ಅಗಲದ ಮೇಲೆ ಬಿತ್ತು. “ನಮ್ಮ ತುಂಡು ಇಷ್ಟ ಸಣ್ಣದೇನ್ರಿ? ಏಳನೇ ಕ್ಲಾಸ್ ಮುಗ್ಸಿ ಮನ್ಯಾಗ ಕುಂತ ಹೆಣ್ಣುಹುಡುಗೂರು ಅದಾವಲ್ಲ, ಅವು ಲೆಕ್ಕಕ್ಕ ಬರೂದಿಲ್ಲೇನು?”

“ಸಾಲಿ ಕಲಿಯಾಕ ಬಂದ್ರ ಬರ್ತಾವ್ರಿ.”

“ಅವರ ತುಂಡು ಅಗಲಾದ್ರ ನಮ್ದು ಸಣ್ಣ ಆಗತೈತಿ!” ಎಂದರು ದೇಸಾಯರು.

“ನೀವೂ ಕಳಸ್ರಿ. ಯಾರು ಬ್ಯಾಡಂದಾರ?” ಎಂದು ಗೌಡರು ಚಹ ಹೀರಿದರು.

ಮರುದಿನ ಹಳ್ಳದಾಚೆಯ ಮಕ್ಕಳು ಎಂದಿನಂತೆ ಬಂದರು. ಜೂನಿನಲ್ಲಿ ಶಾಲೆ ತೆರೆದಾಗ ಗೌಡರು ತಮ್ಮ ಮೊಮ್ಮಗಳನ್ನೂ ಓಣಿಯ ಹುಡುಗಿಯರನ್ನೂ ತಾವೇ ಕರೆತಂದರು. ಉಳಿದ ಊರುಗಳೂ ಹಟಕ್ಕೆ ಬಿದ್ದು ಕಳಿಸಿದ್ದವು. ಎಲ್ಲರ ಹೆಸರು ದಾಖಲಾದ ಮೇಲೆ ನಾನು ಹೊಸ ವೃತ್ತ ಬರೆದೆ. ನೋಡಲು ಬಂದ ಗೌಡರು ಪೆಚ್ಚಾದರು.

“ಏನ್ರಿ ಇದು, ಗೆರಿ ಸರದೇ ಇಲ್ಲಲ್ಲ!”

ಎಲ್ಲ ಊರೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಹೆಚ್ಚಿದ್ದವು. ವೃತ್ತ ತೋರಿಸುವುದು ಪಾಲನ್ನು ಮಾತ್ರ; ಅಂಥ ವೃದ್ಧಿಯನ್ನು ಅದು ಹೇಳಲಾರದು. ನಾನು ಅವರನ್ನು ಹೊರಗೆ ಕರೆದೊಯ್ದೆ. ತರಗತಿಯಲ್ಲಿ ಜಾಗ ಸಿಗದ ಮಕ್ಕಳು ಪಡಸಾಲೆಯನ್ನೆಲ್ಲ ತುಂಬಿ, ಬೇವಿನ ನೆರಳಿನವರೆಗೂ ಹರಡಿ ಕುಳಿತು ಪದ್ಯ ಒಪ್ಪಿಸುತ್ತಿದ್ದರು. ಗೌಡರು ಬಹಳ ಹೊತ್ತು ನಿಂತು ಕೇಳಿದರು.

“ಇನ್ನೊಂದು ಖೋಲಿ ಕಟ್ಟಬೇಕಾತಲ್ರಿ, ಮಾಸ್ತರ,” ಎಂದರು.